ಚಮಚವಿಲ್ಲದ ಊಟ, ಆರು ಬಣ್ಣದ ಸವಾರರು: ಮಕ್ಕಳನ್ನು ಮಿಡೀವಲ್ ಟೈಮ್ಸ್‌ಗೆ ಕರೆದೊಯ್ಯುವ ಮುನ್ನ

ಮಿಡೀವಲ್ ಟೈಮ್ಸ್‌ಗೆ ನಾವು ಹೋದದ್ದು ಐದು ಜನ. ಅವರಲ್ಲಿ ಕೋಳಿ ತಿನ್ನುವವನು ನನ್ನ ಗಂಡನೊಬ್ಬನೇ. ಅಂದರೆ ಸಸ್ಯಾಹಾರದ ತಟ್ಟೆ ನಾಲ್ಕು ಬೇಕು. ಕೇಳಿದಾಗ ನಾನು ಮೂರು ಎಂದುಬಿಟ್ಟೆ. ಮನೆಯಲ್ಲಿ ದಿನವೂ ನಾಲ್ಕು ಜನಕ್ಕೆ ಅಕ್ಕಿ ಅಳೆದು ರೂಢಿಯಾದ ಕೈ. ಆರು ತಿಂಗಳಿಗೆಂದು ಕುಂದಾಪುರದಿಂದ ಬಂದಿದ್ದ ಅಮ್ಮ ಲೆಕ್ಕದಿಂದ ತಪ್ಪಿಹೋಗಿದ್ದಳು. ಅರೆಗತ್ತಲಿನಲ್ಲಿ, ಕಹಳೆಯ ಸದ್ದಿನ ನಡುವೆ, ಅವಳ ತಟ್ಟೆಗೆ ಸುಟ್ಟ ಕೋಳಿ ಬಂದು ಕುಳಿತಿತು. ಅಮ್ಮ ಕೈ ಹಿಂದಕ್ಕೆಳೆದುಕೊಂಡು ನನ್ನನ್ನು ನೋಡಿದ ನೋಟ ಎಂದಿಗೂ ಮರೆಯುವಂಥದ್ದಲ್ಲ. ಆದ್ದರಿಂದ ಮೊದಲ ಸೂಚನೆ: ತಲೆ ಎಣಿಸಿ. ಟಿಕೆಟ್ ಕೊಳ್ಳುವಾಗ ಒಮ್ಮೆ, ಬಾಗಿಲಲ್ಲಿ ಒಮ್ಮೆ, ಬಡಿಸುವವರು ಬಂದು ತಮ್ಮ ಹೆಸರು ಹೇಳಿದ ಕೂಡಲೇ ಇನ್ನೊಮ್ಮೆ, ಯಾರಿಗೆ ಯಾವ ಊಟ ಎಂದು ಬೆರಳಿಟ್ಟು ತೋರಿಸಿ ಹೇಳಿ. ಊಟ ಶುರುವಾದ ಮೇಲೆ ಅವರು ನೂರಾರು ಜನರಿಗೆ ಒಂದೇ ಓಟದಲ್ಲಿ ಬಡಿಸುತ್ತಿರುತ್ತಾರೆ. ನಮಗೆ ಬಡಿಸುತ್ತಿದ್ದ ಹುಡುಗ ನಗುತ್ತಲೇ ತಟ್ಟೆ ಬದಲಿಸಿ ತಂದುಕೊಟ್ಟ, ಅದು ಅವನ ದೊಡ್ಡತನ.

ಗೊತ್ತಿಲ್ಲದವರಿಗೆ: ಇದು ಊಟ ಮಾಡುತ್ತಾ ನೋಡುವ ಪ್ರದರ್ಶನ. ಮೂಲ ಸ್ಪೇನ್‌ನ ಮಯೋರ್ಕಾ ದ್ವೀಪದ್ದು. ಅಮೆರಿಕದಲ್ಲಿ ಮೊದಲ ಕೋಟೆ ತೆರೆದದ್ದು 1983ರಲ್ಲಿ, ಫ್ಲಾರಿಡಾದ ಕಿಸ್ಸಿಮ್ಮಿಯಲ್ಲಿ. ನಮಗೆ ಹತ್ತಿರವಿರುವುದು ನ್ಯೂಜೆರ್ಸಿಯ ಲಿಂಡ್‌ಹರ್ಸ್ಟ್‌ನದು. ಷಿಕಾಗೋ ಕಡೆಯವರಿಗೆ ಶಾಂಬರ್ಗ್, ಲಾಸ್ ಏಂಜಲೀಸ್ ಕಡೆಯವರಿಗೆ ಬ್ಯೂನಾ ಪಾರ್ಕ್, ಕೆನಡಾದವರಿಗೆ ಟೊರಾಂಟೊ. ಹೊರಗಿನಿಂದ ಕೋಟೆ, ಒಳಗೆ ಮರಳು ಹಾಸಿದ ಉದ್ದನೆಯ ಅಂಕಣ, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಏರುವ ಮೇಜುಗಳ ಸಾಲು. ಹನ್ನೊಂದನೇ ಶತಮಾನದ ಆಸ್ಥಾನ, ರಾಣಿಯ ಎದುರು ಆರು ಸವಾರರ ಪಂದ್ಯ. ಹಿಂದೆ ರಾಜನಿರುತ್ತಿದ್ದ, ಕೆಲವು ವರ್ಷಗಳಿಂದ ಸಿಂಹಾಸನದ ಮೇಲೆ ರಾಣಿ. ಕತೆ ಇಷ್ಟೇ. ಎರಡು ಗಂಟೆಯೊಳಗೆ ಊಟವೂ ಯುದ್ಧವೂ ಮುಗಿಯುತ್ತವೆ.

ಯಾವ ವಯಸ್ಸಿನ ಮಕ್ಕಳು? ಮೂರು ವರ್ಷ ಮತ್ತು ಅದಕ್ಕಿಂತ ಚಿಕ್ಕವರು ತಂದೆತಾಯಿಯ ತೊಡೆಯ ಮೇಲೆ ಕುಳಿತು ಅವರ ತಟ್ಟೆಯಲ್ಲೇ ತಿಂದರೆ ಹಣವಿಲ್ಲ. ಹಣವಿಲ್ಲ ಎಂದು ಕರೆದೊಯ್ಯಬೇಡಿ ಎನ್ನುವುದು ನನ್ನ ಅಭಿಪ್ರಾಯ. ಕತ್ತಲು, ಹೊಗೆ, ಕಣ್ಣು ಕೋರೈಸುವ ದೀಪ, ಮರದ ಈಟಿ ಗುರಾಣಿಗೆ ಬಡಿದು ಸೀಳುವ ಸದ್ದು. ನಮ್ಮ ಮಗಳಿಗೆ ನಾಲ್ಕು ತುಂಬಿತ್ತು, ಅದೇ ಅಂಚಿನ ವಯಸ್ಸು. ಚಂಡೆಯ ಪಕ್ಕ ಕುಳಿತು ನಿದ್ದೆ ಮಾಡಬಲ್ಲ ಕೂಸಾದರೆ ಮಾತು ಬೇರೆ. ಕಿವಿ ಮುಚ್ಚುವ ಹೆಡ್‌ಫೋನ್ ಇದ್ದರೆ ಚೀಲದಲ್ಲಿರಲಿ. ಧೂಳಿಗೆ, ಕುದುರೆಯ ಕೂದಲಿಗೆ ಅಲರ್ಜಿ ಇರುವ ಮಗುವಿದ್ದರೆ ವೈದ್ಯರನ್ನು ಕೇಳಿಯೇ ಹೊರಡಿ. ಅಂಕಣದಲ್ಲಿ ಓಡುವುದು ನಿಜವಾದ ಕುದುರೆ, ಏಳುವುದು ನಿಜವಾದ ಧೂಳು.

ಹೋಗುವ ಹಿಂದಿನ ದಿನ ಮನೆಯಲ್ಲಿ ಒಂದು ಪಾಠವಾಗಬೇಕು. ಅಡುಗೆಮನೆಯಿಂದ ಎರಡು ಲಟ್ಟಣಿಗೆ ತಂದು ಮಗನ ಕೈಗೊಂದು ಕೊಟ್ಟೆ. “ಒಂದು ಎಂದಾಗ ನಾನು ಮೇಲಿನಿಂದ ಬೀಸುತ್ತೇನೆ, ನೀನು ತಡೆ. ಎರಡು ಎಂದಾಗ ನೀನು ಕಾಲಿಗೆ ಬೀಸು, ನಾನು ಹಾರುತ್ತೇನೆ. ಮೂರಕ್ಕೆ ನಾನು ಬೀಳುತ್ತೇನೆ.” ಹತ್ತು ಸಲ ನಿಧಾನವಾಗಿ, ಹತ್ತು ಸಲ ಜೋರಾಗಿ. ಇಪ್ಪತ್ತೊಂದನೆಯ ಸಲಕ್ಕೆ ನಾನು ಸೋಫಾದ ಮೇಲೆ ಬಿದ್ದು “ಅಯ್ಯೋ” ಎಂದಾಗ ಮಗಳಿಗೂ ಗುಟ್ಟು ತಿಳಿಯಿತು: ಹೊಡೆತ ಕಲಿತದ್ದು, ಬೀಳುವುದೂ ಕಲಿತದ್ದು. ಮರುದಿನ ಕತ್ತಿಗೆ ಕತ್ತಿ ತಗುಲಿ ಕಿಡಿ ಹಾರಿದಾಗ ಅವಳು ನನ್ನ ತೋಳು ಹಿಡಿದುಕೊಂಡಳು ನಿಜ, ಆದರೆ ಮೆಲ್ಲಗೆ “ಒಂದು, ಎರಡು” ಎಂದು ಎಣಿಸುತ್ತಿದ್ದಳು. ಈ ಒಂದು ಉಪಾಯಕ್ಕೆ ಇಡೀ ಟಿಕೆಟಿನ ಬೆಲೆ ಇದೆ.

ಸೋಲಿನ ಪಾಠವನ್ನೂ ಆಗಲೇ ಮುಗಿಸಿ. ಬಾಗಿಲಲ್ಲಿ ನಿಮಗೆ ಕೊಡುವ ಬಣ್ಣವನ್ನು ತೊಟ್ಟ, ನಿಮ್ಮ ಕಡೆಯ ಸವಾರ ಗೆಲ್ಲಲೂಬಹುದು, ಮೊದಲ ಸುತ್ತಿಗೇ ಮರಳಿಗೆ ಉರುಳಲೂಬಹುದು. ಮಗನಿಗೆ ಅದನ್ನು ಹೇಳಲು ಮರೆತಿದ್ದೆ. ನಮ್ಮ ಹಳದಿ ಸವಾರ ಬಿದ್ದಾಗ ಏಳು ವರ್ಷದ ಹುಡುಗ ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿದ.

ದಿನ ಮತ್ತು ಹೊತ್ತಿನ ವಿಚಾರ. ರಾತ್ರಿಯ ಪ್ರದರ್ಶನ ಮುಗಿಯುವುದು ಮಕ್ಕಳು ಮಲಗುವ ಹೊತ್ತು ಮೀರಿದ ಮೇಲೆ. ಶನಿವಾರ, ಭಾನುವಾರ ಹಗಲಿನ ಪ್ರದರ್ಶನಗಳೂ ಇರುತ್ತವೆ, ಚಿಕ್ಕವರಿದ್ದರೆ ಅದನ್ನೇ ಹಿಡಿಯಿರಿ. ಲಿಂಡ್‌ಹರ್ಸ್ಟ್‌ಗೆ ಹೋಗುವವರು ಇನ್ನೊಂದನ್ನು ನೋಡಿಕೊಳ್ಳಬೇಕು: ಪಕ್ಕದಲ್ಲೇ ಇರುವ ಮೆಟ್‌ಲೈಫ್ ಕ್ರೀಡಾಂಗಣದಲ್ಲಿ ಅಂದು ಫುಟ್‌ಬಾಲ್ ಪಂದ್ಯವೋ ಸಂಗೀತ ಕಾರ್ಯಕ್ರಮವೋ ಇದೆಯೇ ಎಂದು. ಇದ್ದರೆ ಟರ್ನ್‌ಪೈಕ್‌ ಹೆದ್ದಾರಿಯಲ್ಲೇ ನಿಮ್ಮ ಮಹಾಭಾರತ ಮುಗಿಯುತ್ತದೆ.

ಪ್ರದರ್ಶನಕ್ಕೆ ಒಂದು ಗಂಟೆ ಮೊದಲೇ ತಲುಪಿ. ಒಳಗೆ ಹೋಗುತ್ತಿದ್ದಂತೆ ನಿಮಗೊಂದು ಬಣ್ಣ ಕೊಡುತ್ತಾರೆ: ಕೆಂಪು, ನೀಲಿ, ಹಸಿರು, ಹಳದಿ, ಕೆಂಪು-ಹಳದಿ, ಕಪ್ಪು-ಬಿಳಿ. ಅದೇ ಬಣ್ಣದ ಕಾಗದದ ಕಿರೀಟ ತಲೆಗೇರುತ್ತದೆ. ಆ ಬಣ್ಣದ ಸವಾರ ನಿಮ್ಮವನು, ನೀವು ಅವನ ಕಡೆಯವರು. ಎರಡು ಮೂರು ಕುಟುಂಬಗಳು ಸೇರಿ ಹೋಗುತ್ತಿದ್ದರೆ ಎಲ್ಲರೂ ಬಂದ ಮೇಲೆ ಒಟ್ಟಿಗೆ ಒಳಗೆ ಹೋಗಿ. ಬಿಡಿ ಬಿಡಿಯಾಗಿ ಹೋದರೆ ಒಬ್ಬರಿಗೆ ಹಸಿರು, ಇನ್ನೊಬ್ಬರಿಗೆ ನೀಲಿ ಸಿಕ್ಕಿ, ಮಕ್ಕಳು ಅಂಕಣದ ಆಚೆಬದಿಯಿಂದ ಕೈ ಬೀಸುತ್ತಾ ಅಳುತ್ತಿರುತ್ತಾರೆ. ಹೆಚ್ಚು ಹಣ ಕೊಟ್ಟರೆ ಮುಂದಿನ ಸಾಲು ಸಿಗುತ್ತದೆ. ಸವಾರರು ತಮ್ಮ ಬಣ್ಣದವರ ಕಡೆಗೆ ಹೂ ಎಸೆಯುವಾಗ ಅದು ಹೆಚ್ಚಾಗಿ ಮುಂದಿನವರ ಮಡಿಲಿಗೆ ಬೀಳುತ್ತದೆ ಎನ್ನುವುದೂ ನಿಜ. ಆದರೂ ಚಿಕ್ಕವರಿದ್ದರೆ ನಾನು ನಡುವಿನ ಸಾಲನ್ನೇ ಇಷ್ಟಪಡುತ್ತೇನೆ. ಸಾಲುಗಳು ಮೆಟ್ಟಿಲಿನಂತಿರುವುದರಿಂದ ಮುಂದಿನವರ ತಲೆ ಅಡ್ಡ ಬರುವುದಿಲ್ಲ, ಧೂಳು ಕಡಿಮೆ, ಈಟಿ ಮುರಿಯುವ ಸದ್ದೂ ಸ್ವಲ್ಪ ದೂರ.

ಒಳಾಂಗಣಕ್ಕೆ ಬಿಡುವ ಮುನ್ನ ಕಾಯುವ ಹಜಾರವಿದೆಯಲ್ಲ, ನಿಮ್ಮ ಕಿಸೆಗೆ ನಿಜವಾದ ಯುದ್ಧ ನಡೆಯುವುದು ಅಲ್ಲಿ. ಮರದ ಕತ್ತಿ, ಮಿನುಗುವ ಕತ್ತಿ, ಗುರಾಣಿ, ರಾಜಕುಮಾರಿಯ ಟೊಪ್ಪಿ. ಕಾರಿನಲ್ಲೇ ಕರಾರು ಮಾಡಿಕೊಳ್ಳಿ: ಒಬ್ಬರಿಗೆ ಒಂದೇ ಸಾಮಾನು, ಇಷ್ಟೇ ಡಾಲರ್, ಕೊಳ್ಳುವುದು ಹೊರಬರುವಾಗ. ಹೊರಬರುವಾಗ ಎನ್ನುವುದು ಮುಖ್ಯ. ಕೈಯಲ್ಲಿ ಕತ್ತಿಯಿರುವ ಹುಡುಗ ಎರಡು ಗಂಟೆ ಸುಮ್ಮನೆ ಊಟ ಮಾಡುತ್ತಾನೆ ಎಂದು ನಂಬುವವರು ಇನ್ನೂ ತಂದೆತಾಯಿಯಾಗಿಲ್ಲ. ಬಾಗಿಲಲ್ಲಿ ತೆಗೆಯುವ ಫೋಟೋವನ್ನು ಆಮೇಲೆ ಮಾರಲು ತರುತ್ತಾರೆ, ಬೇಡವೆಂದರೆ ಬೇಡ. ಟಿಕೆಟಿನ ಹಣದಲ್ಲಿ ಬಡಿಸುವವರ ಟಿಪ್ಸ್ ಸೇರಿರುವುದಿಲ್ಲ, ಸ್ವಲ್ಪ ನಗದು ಬೇರೆಯಾಗಿಟ್ಟುಕೊಳ್ಳಿ. ಹಳೆಯ ಕಾಲದ ಚಿತ್ರಹಿಂಸೆಯ ಸಲಕರಣೆಗಳನ್ನು ತೋರಿಸುವ ಕೋಣೆಗೆ ಪ್ರತ್ಯೇಕ ಶುಲ್ಕವಿದೆ. ಅತ್ತ ತಿರುಗಬೇಡಿ, ರಾತ್ರಿ ಎರಡು ಗಂಟೆಗೆ ಅದು ಏನೆಂದು ವಿವರಿಸಬೇಕಾದವರು ನೀವು.

ಕೂರುವ ಮೊದಲು ಎಲ್ಲರೂ ಒಮ್ಮೆ ಶೌಚಾಲಯಕ್ಕೆ. “ನನಗೆ ಬಂದಿಲ್ಲ” ಎನ್ನುವವರೂ. ಊಟ ಶುರುವಾದ ಮೇಲೆ ಮೇಜಿನ ಸಾಲಿನಿಂದ ಹೊರಬರುವುದೆಂದರೆ ಹತ್ತು ಜನರ ಮೊಣಕಾಲು ದಾಟಬೇಕು.

ಈಗ ಊಟ. ಚಮಚವಿಲ್ಲ, ಮುಳ್ಳುಚಮಚವಿಲ್ಲ. ಆ ಕಾಲದಂತೆ ಕೈಯಲ್ಲೇ ತಿನ್ನಬೇಕು ಎನ್ನುವುದು ಆಟದ ಒಂದು ಭಾಗ. ಟೊಮೆಟೊ ಸೂಪನ್ನು ಹಿಡಿಯಿರುವ ಬಟ್ಟಲಿನಿಂದ ಎತ್ತಿ ಕುಡಿಯಬೇಕು. ಬೆಳ್ಳುಳ್ಳಿ ಹಚ್ಚಿದ ಬ್ರೆಡ್, ಬೆಣ್ಣೆ ಸವರಿದ ಜೋಳದ ತೆನೆ, ಆಲೂಗಡ್ಡೆ, ಕೋಳಿ, ಕೊನೆಗೊಂದು ಸಿಹಿ. ಸಸ್ಯಾಹಾರ ಕೇಳಿದ ನಮಗೆ ಬಂದದ್ದು ಕಾಬೂಲಿ ಕಡಲೆ ಅರೆದ ಹಮ್ಮಸ್, ಪೀಟಾ ಬ್ರೆಡ್, ಹಸಿ ಕ್ಯಾರೆಟ್, ಮತ್ತು ಟೊಮೆಟೊ ರಸದಲ್ಲಿ ಬೆಂದ ಕಾಳುಗಳ ಜೊತೆ ಕಂದು ಅಕ್ಕಿಯ ಅನ್ನ. ಒಂದು ಸಾಸಿವೆ ಒಗ್ಗರಣೆ ಬಿದ್ದಿದ್ದರೆ ಹುಳಿಯೇ ಸರಿ ಎಂದಳು ಅಮ್ಮ. ಸೂಪಿನಲ್ಲಿ, ಸಿಹಿಯಲ್ಲಿ ಏನೇನು ಬಿದ್ದಿದೆ ಎಂದು ಕಟ್ಟುನಿಟ್ಟಿನವರು ಕೇಳಿಕೊಳ್ಳುವುದು ಒಳ್ಳೆಯದು, ಊಟದ ಪಟ್ಟಿ ಬದಲಾಗುತ್ತಿರುತ್ತದೆ.

ನಮ್ಮ ಮಕ್ಕಳು ಇಲ್ಲಿ ಹುಟ್ಟಿದವರು, ಮೊಸರನ್ನಕ್ಕೂ ಚಮಚ ಕೇಳುವವರು. ಬಿಸಿ ಆಲೂಗಡ್ಡೆಯನ್ನು ಕೈಯಿಂದ ಕೈಗೆ ಹಾರಿಸುತ್ತಾ ಕುಳಿತರು. ಸುತ್ತಲಿನ ಮೇಜುಗಳಲ್ಲೂ ಅದೇ ಪಾಡು, ದೊಡ್ಡ ದೊಡ್ಡ ಗಂಡಸರು ಬೆರಳು ಎಲ್ಲಿ ಒರೆಸುವುದು ಎಂದು ತಿಳಿಯದೆ ಕೈ ಮೇಲೆತ್ತಿಕೊಂಡಿದ್ದಾರೆ. ಅಮ್ಮ ಮಾತ್ರ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅನ್ನದ ನಡುವೆ ಗುಳಿ ಮಾಡಿ, ಕಾಳನ್ನು ಅದಕ್ಕೆ ಸುರಿದು, ಅಂಚಿನಿಂದ ಕಲಸುತ್ತಾ ಬಂದಳು. ಹೆಬ್ಬೆರಳಿನಿಂದ ತಳ್ಳಿದ ತುತ್ತು ಒಂದು ಅಗುಳೂ ಕೆಡವದೆ ಬಾಯಿ ಸೇರಿತು. ಪಕ್ಕದ ಮೇಜಿನ ಹುಡುಗಿಯೊಬ್ಬಳು ತಿನ್ನುವುದನ್ನು ನಿಲ್ಲಿಸಿ ಅದನ್ನೇ ನೋಡಿದಳು, ತನ್ನ ತಟ್ಟೆಯಲ್ಲಿ ಪ್ರಯತ್ನಿಸಿದಳು, ಆಗಲಿಲ್ಲ. ಅಮ್ಮ ಎಡಗೈಯಿಂದ ಅವಳ ಮುಂದೆ ಬೆರಳು ಮಡಚಿ ತೋರಿಸಿಕೊಟ್ಟಳು. ಈ ದೇಶದಲ್ಲಿ ಹೋಟೆಲಿಗೆ ಹೋದಾಗಲೆಲ್ಲ ಕೈ ಮೇಜಿನ ಕೆಳಗಿಟ್ಟು ಕೂರುವವಳು ಅವಳು.

ಒದ್ದೆ ಕಾಗದದ ದೊಡ್ಡ ಪೊಟ್ಟಣವೊಂದು ನಿಮ್ಮ ಕೈಚೀಲದಲ್ಲಿರಲಿ, ಕೊಡುವ ಕರವಸ್ತ್ರ ಸಾಲುವುದಿಲ್ಲ. ಬಿಳಿ ಅಂಗಿ ಬೇಡ. ಒಳಗೆ ತಂಪಿರುತ್ತದೆ, ಸ್ವೆಟರ್ ಇರಲಿ.

ಆಟದ ಹದ ತಿಳಿದಿದ್ದರೆ ಮಕ್ಕಳನ್ನು ನಿಭಾಯಿಸುವುದು ಸುಲಭ. ಶುರುವಿಗೆ ಕುದುರೆಗಳ ನಡಿಗೆ, ನಾಟ್ಯ. ಟೆಕ್ಸಾಸಿನ ಸ್ಯಾಂಗರ್ ಎಂಬಲ್ಲಿನ ಸ್ವಂತ ಸಾಕಣೆಯಲ್ಲಿ ಹುಟ್ಟಿ ಬೆಳೆದ ಆಂಡಲೂಸಿಯನ್ ತಳಿಯ ಕುದುರೆಗಳಿವು. ನಿಂತಲ್ಲೇ ಕಾಲೆತ್ತಿ ಹಾಕುವಾಗ ನಾಲ್ಕು ವರ್ಷದವಳು ಉಸಿರು ಬಿಗಿಹಿಡಿದಿದ್ದಳು. ಆಮೇಲೆ ಗಿಡುಗವೊಂದು ತಲೆಯ ಮೇಲೆ ಸುತ್ತು ಹಾಕುತ್ತದೆ. ಆಗ ತಿನ್ನುವ ತೆನೆಯನ್ನು ಎತ್ತಿ ಹಿಡಿಯಬೇಡ ಎಂದು ಮಗನಿಗೆ ಹೇಳಬೇಕಾಯಿತು. ನಂತರ ಓಡುವ ಕುದುರೆಯ ಮೇಲಿಂದ ಉಂಗುರಕ್ಕೆ ಈಟಿ ತೂರಿಸುವಂಥ ಕೌಶಲದ ಆಟಗಳು. ಕೊನೆಯ ಭಾಗವೇ ಈಟಿಯ ಸೆಣಸು ಮತ್ತು ಕತ್ತಿ ಕಾಳಗ. ಹೆದರುವ ಮಗುವಿದ್ದರೆ ತೊಡೆಗೇರಿಸಿಕೊಳ್ಳಬೇಕಾದ್ದು ಆಗ. ಸವಾರರಿಬ್ಬರು ಅಂಕಣದ ಎರಡು ತುದಿಗೆ ಹೋಗಿ ನಿಂತರೆಂದರೆ ಕಿವಿ ಮುಚ್ಚುವ ಹೊತ್ತು.

ಕೂಗುವುದಕ್ಕೆ ನಾಚಿಕೊಳ್ಳಬೇಡಿ. “ಶ್, ಮೆಲ್ಲಗೆ” ಎಂದು ದಿನವಿಡೀ ಹೇಳುವ ಅಪ್ಪನೇ ಮೇಜು ಕುಟ್ಟಿ ಹಳದಿಯವನ ಹೆಸರು ಕೂಗಿದಾಗ ಮಕ್ಕಳಿಗೆ ಆದ ಆಶ್ಚರ್ಯ ಕುದುರೆ ನೋಡಿದಾಗಲೂ ಆಗಿರಲಿಲ್ಲ.

ಅಮ್ಮ ಸಣ್ಣವಳಿದ್ದಾಗ ಮಂದಾರ್ತಿ ಮೇಳದ ಯಕ್ಷಗಾನದ ಆಟವನ್ನು ಗದ್ದೆಯಲ್ಲಿ ಚಾಪೆ ಹಾಸಿ ಬೆಳಗಿನವರೆಗೆ ನೋಡಿದವಳು. ಇಂಗ್ಲಿಷ್ ಮಾತು ಅರ್ಧಕ್ಕರ್ಧ ತಿಳಿಯದಿದ್ದರೂ ಯಾರು ರಾಜವೇಷ, ಯಾರು ಬಣ್ಣದ ವೇಷ ಎಂದು ಮೊದಲ ಹತ್ತು ನಿಮಿಷದಲ್ಲೇ ಮೊಮ್ಮಕ್ಕಳಿಗೆ ವಿಂಗಡಿಸಿ ಕೊಟ್ಟಿದ್ದಳು. ಹೇಗಿತ್ತು ಎಂದು ಕೇಳಿದೆ. “ಒಡ್ಡೋಲಗ ಚೆನ್ನಾಗಿತ್ತು. ಯುದ್ಧವೂ ಅಡ್ಡಿಯಿಲ್ಲ. ಅರ್ಥಗಾರಿಕೆ ಸಾಲದು,” ಎಂದಳು. ಊರಿನಿಂದ ಹಿರಿಯರು ಬಂದಿದ್ದರೆ ಬಿಟ್ಟುಹೋಗಬೇಡಿ ಎನ್ನಲು ಇಷ್ಟು ಸಾಕು. ಮೆಟ್ಟಿಲು ಏರುವ ಕಷ್ಟವಿದ್ದರೆ ಮಾತ್ರ ಮೊದಲೇ ತಿಳಿಸಿ.

ಮುಗಿದ ಮೇಲೆ ಒಮ್ಮೆಲೇ ಬಾಗಿಲಿಗೆ ನುಗ್ಗಬೇಡಿ. ಸವಾರರು ಹಜಾರಕ್ಕೆ ಬಂದು ಮಕ್ಕಳೊಂದಿಗೆ ಫೋಟೋಕ್ಕೆ ನಿಲ್ಲುತ್ತಾರೆ. ಬಿದ್ದು ಸತ್ತಿದ್ದ ನಮ್ಮ ಹಳದಿಯವನು ಬೆವರು ಒರೆಸಿಕೊಳ್ಳುತ್ತಾ ಎದುರು ಬಂದಾಗ ಮಗ ಮಾತೇ ಆಡಲಿಲ್ಲ, ಅವನ ಮೊಣಕೈ ಮುಟ್ಟಿ ನೋಡಿದ. “ನೋವಾಯಿತೇ?” ಎಂದು ಕೇಳಿದ್ದು ಮಗಳು. ಇಲ್ಲವೆಂದು ಅವನು ತಲೆಯಾಡಿಸಿದ. ಅವಳು ನನ್ನತ್ತ ತಿರುಗಿ, “ಎಣಿಸಿಕೊಂಡು ಬಿದ್ದಿದ್ದಾನೆ,” ಎಂದಳು.

ಹೊರಡುವಾಗ ಇನ್ನೆರಡು ಕಿರೀಟ ಸಿಕ್ಕರೆ ಕೇಳಿ ತೆಗೆದಿಟ್ಟುಕೊಳ್ಳಿ. ಕಾಗದದವು, ಟರ್ನ್‌ಪೈಕ್ ಮುಟ್ಟುವ ಮೊದಲೇ ಹಿಂದಿನ ಸೀಟಿನಲ್ಲಿ ಒಂದು ಹರಿದಿರುತ್ತದೆ.