ಔಷಧದ ಬಗ್ಗೆ ಹೇಳಿದರೆ ಸಾಲದು, ಮರಳಿ ಹೇಳಿಸಿ

‘ಈ ಮಾತ್ರೆ ಊಟಕ್ಕೆ ಮುಂಚೆನಾ, ಆಮೇಲಾ?’ ಔಷಧದ ಕೌಂಟರಿನಲ್ಲಿ ದಿನವಿಡೀ ಕೇಳಿಬರುವ ಪ್ರಶ್ನೆ. ಹೊಸದಾಗಿ ಕೆಲಸಕ್ಕೆ ಸೇರಿದ ಫಾರ್ಮಸಿಸ್ಟ್‌ಗಳು ತಲೆಯೆತ್ತದೆ ‘ಆಮೇಲೆ’ ಎಂದುಬಿಡುವುದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಕೈಯಲ್ಲಿರುವುದು ಥೈರಾಯ್ಡ್‌ಗೆ ಕೊಡುವ ಲೆವೊಥೈರಾಕ್ಸಿನ್ ಆಗಿದ್ದರೆ ಆ ಒಂದು ಮಾತಿನಿಂದ ಔಷಧ ಮೈಗೆ ಹತ್ತುವುದೇ ಕಡಿಮೆಯಾಗುತ್ತದೆ. ಅದನ್ನು ಖಾಲಿ ಹೊಟ್ಟೆಯಲ್ಲಿ, ತಿಂಡಿಗೆ 30ರಿಂದ 60 ನಿಮಿಷ ಮುಂಚೆ, ಬರೀ ನೀರಿನ ಜೊತೆ ನುಂಗಬೇಕು. ಕ್ಯಾಲ್ಸಿಯಂ ಅಥವಾ ಕಬ್ಬಿಣಾಂಶದ ಮಾತ್ರೆಯೂ ಇದ್ದರೆ ನಡುವೆ 4 ಗಂಟೆ ಬಿಡಬೇಕು.

ಹಂತ 1: ಉತ್ತರ ಕೊಡುವ ಮೊದಲು ನೀವು ಕೇಳಿ. ಔಷಧ ಯಾರಿಗೆ, ವಯಸ್ಸೆಷ್ಟು, ಗರ್ಭಿಣಿಯೇ, ಮಗುವಿಗೆ ಹಾಲೂಡಿಸುತ್ತಿದ್ದಾರೆಯೇ, ಕಿಡ್ನಿ, ಲಿವರ್ ತೊಂದರೆ ಇದೆಯೇ, ಯಾವುದಾದರೂ ಅಲರ್ಜಿಯೇ? ‘ಬೇರೆ ಔಷಧ ತಗೊಳ್ತಿದ್ದೀರಾ?’ ಎಂದರೆ ಎಷ್ಟೋ ಜನ ‘ಇಲ್ಲ’ ಎನ್ನುತ್ತಾರೆ. ಕಣ್ಣಿನ ಡ್ರಾಪ್ಸ್, ಗರ್ಭನಿರೋಧಕ ಮಾತ್ರೆ, ವಿಟಮಿನ್, ಗಿಡಮೂಲಿಕೆ ಪುಡಿ ಇವೆಲ್ಲ ಅವರ ಲೆಕ್ಕದಲ್ಲಿ ಔಷಧವೇ ಅಲ್ಲ. ಒಂದೊಂದರ ಹೆಸರು ಹಿಡಿದು ಕೇಳಿ. ನೆಗಡಿ ಮಾತ್ರೆಯನ್ನಂತೂ ಬಿಡಲೇಬೇಡಿ. ಅವುಗಳಲ್ಲಿ ಹಲವಕ್ಕೆ ಪ್ಯಾರಾಸಿಟಮಾಲ್ ಸೇರಿಸಿರುತ್ತಾರೆ. ವಯಸ್ಕರಿಗೆ 24 ಗಂಟೆಯಲ್ಲಿ ಹೆಚ್ಚೆಂದರೆ 4 ಗ್ರಾಂ, ಅಂದರೆ 500 ಮಿಲಿಗ್ರಾಂನ 8 ಮಾತ್ರೆ; ತೂಕ ಕಡಿಮೆ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ ಅಷ್ಟೂ ಆಗದು. ಜ್ವರದ ಮಾತ್ರೆಯನ್ನೂ ಜೊತೆಗೆ ನುಂಗಿದರೆ ಗೊತ್ತಿಲ್ಲದೆಯೇ ಮಿತಿ ದಾಟಬಹುದು.

ಹಂತ 2: ನೆನಪನ್ನು ನಂಬಬೇಡಿ, ಫಾರ್ಮ್ಯುಲರಿ, ಅಂದರೆ ಔಷಧಗಳ ಪ್ರಮಾಣ, ಬಳಕೆ, ಎಚ್ಚರಿಕೆ ತಿಳಿಸುವ ಕೈಪಿಡಿ ತೆರೆಯಿರಿ. ಈಗಿನ ಆವೃತ್ತಿಯೇ ಆಗಬೇಕು. ವಿಶ್ವ ಆರೋಗ್ಯ ಸಂಸ್ಥೆ 1977ರಲ್ಲಿ ಮೊದಲು ತಂದ ಅಗತ್ಯ ಔಷಧಗಳ ಪಟ್ಟಿಯನ್ನೇ 2 ವರ್ಷಕ್ಕೊಮ್ಮೆ ಪರಿಷ್ಕರಿಸುತ್ತಾರೆ ಎಂದಮೇಲೆ ಹಳೆಯ ಪುಸ್ತಕ ಎಷ್ಟು ದಿನ ಬಂದೀತು? ಕಂಪನಿ ಪ್ರತಿನಿಧಿ ಬಿಟ್ಟುಹೋದ ಹೊಳೆಯುವ ಕರಪತ್ರ ಆಕರವಲ್ಲ, ಕಪಾಟಿನಲ್ಲಿ ಇಟ್ಟುಕೊಳ್ಳಲೂ ಬೇಡಿ.

ಹಂತ 3: ಅಡ್ಡಪರಿಣಾಮವನ್ನು ಸಂಖ್ಯೆಯಲ್ಲಿ ಹೇಳಿ. ಯುರೋಪಿನ ಮಾಹಿತಿ ಪತ್ರಗಳಲ್ಲಿ ‘ಸಾಮಾನ್ಯ’ ಎಂದರೆ 100 ಜನರಲ್ಲಿ 1ರಿಂದ 10 ಜನರಿಗೆ ಆಗಬಹುದು ಎಂದರ್ಥ. ಅದನ್ನು ಓದಿದ ಕೆಲವರು ಎಲ್ಲರಿಗೂ ಆಗುತ್ತದೆ ಎಂದುಕೊಂಡು ಮಾತ್ರೆ ಬಿಟ್ಟುಬಿಡುತ್ತಾರೆ. ‘ನೂರರಲ್ಲಿ 90ಕ್ಕೂ ಹೆಚ್ಚು ಜನರಿಗೆ ಏನೂ ಆಗಲ್ಲ’ ಎನ್ನುವುದನ್ನೂ ಸೇರಿಸಿ.

ಹಂತ 4: ಮರಳಿ ಹೇಳಿಸಿ. ಎಲ್ಲರೂ ಎಡವುವುದು ಇಲ್ಲೇ. ‘ಗೊತ್ತಾಯ್ತಾ?’ ಎಂದು ಕೇಳಲೇಬೇಡಿ. ಹಿಂದೆ ಸಾಲು ನಿಂತಿರುವಾಗ ‘ಗೊತ್ತಾಗಲಿಲ್ಲ’ ಎನ್ನಲು ಯಾರಿಗೂ ಮನಸ್ಸು ಬರುವುದಿಲ್ಲ. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಬರೆಸಿಕೊಂಡು ಬಂದಿದ್ದ ಅಜ್ಜಿಯೊಬ್ಬರಿಗೆ ‘ವಾರಕ್ಕೆ ಒಂದೇ ದಿನ’ ಎಂದು ಎರಡು ಸಲ ಹೇಳಿದ್ದೆ. ಎರಡು ಸಲವೂ ತಲೆಯಾಡಿಸಿದರು. ‘ಅಮ್ಮಾ, ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡ್ಕೋಬೇಕು. ಮನೆಗೆ ಹೋಗಿ ಮಗನಿಗೆ ಏನಂತ ಹೇಳ್ತೀರಿ?’ ಎಂದೆ. ‘ದಿನಾ ರಾತ್ರಿ ಒಂದು’ ಎಂದರು. ಈ ಮಾತ್ರೆಯನ್ನು ತಪ್ಪಿ ದಿನಾ ನುಂಗಿ ಮೂಳೆಮಜ್ಜೆ ಕೆಟ್ಟು ಜನ ಸತ್ತಿದ್ದಾರೆ.

‘ವಾರದಲ್ಲಿ ಯಾವ ದಿನ ನಿಮಗೆ ನೆನಪಿರುತ್ತೆ?’ ಎಂದು ಕೇಳಿದೆ. ಸೋಮವಾರ ಎಂದರು. ಪೆನ್ನು ಕೊಟ್ಟು ಡಬ್ಬಿಯ ಮೇಲೆ ಅವರ ಕೈಯಲ್ಲೇ ‘ಸೋಮವಾರ ಮಾತ್ರ’ ಎಂದು ಬರೆಸಿದೆ. ಮತ್ತೊಮ್ಮೆ ಹೇಳಿಸಿದೆ, ಈ ಸಲ ಸರಿ ಬಂತು. ಜ್ವರ, ಗಂಟಲು ನೋವು, ಬಾಯಿಹುಣ್ಣು ಕಂಡರೆ ತಕ್ಷಣ ಡಾಕ್ಟರ್ ಹತ್ತಿರ ಹೋಗಬೇಕೆಂಬುದನ್ನೂ ಹೀಗೆಯೇ ಹೇಳಿಸಿದೆ. ತಪ್ಪು ಹೇಳಿದಾಗ ಅದೇ ವಾಕ್ಯವನ್ನು ದನಿಯೇರಿಸಿ ಹೇಳಬೇಡಿ, ಮಾತು ಬದಲಿಸಿ. ಒಂದು ಸಲಕ್ಕೆ ಮೂರು ವಿಷಯ ಸಾಕು: ಯಾತಕ್ಕೆ, ಹೇಗೆ, ಏನಾದರೆ ಓಡಿಬರಬೇಕು.

ಬಾಯಲ್ಲಿ ಹೇಳಲಾಗದ್ದನ್ನು ಮಾಡಿಸಿ ನೋಡಿ. ಮಗುವಿನ ಸಿರಪ್ ಆದರೆ ಸೂಜಿಯಿಲ್ಲದ ಸಿರಿಂಜಿಗೆ ನೀರು ಎಳೆಸಿ, 5 ಮಿಲಿ ಗೆರೆಗೆ ನಿಲ್ಲಿಸಲಿ. ಅಡುಗೆಮನೆಯ ಚಮಚ ಬೇಡವೇ ಬೇಡ, ಒಂದೊಂದು ಚಮಚ ಒಂದೊಂದು ಅಳತೆ. ಬಾಟಲಿ ಜೊತೆ ಬರುವ, ಗೆರೆಯೇ ಕಾಣದ ಪ್ಲಾಸ್ಟಿಕ್ ಮುಚ್ಚಳವನ್ನೂ ನಾನು ಒಪ್ಪುವುದಿಲ್ಲ. ಸ್ಪ್ರೇ ಮಾಡುವ ಇನ್‌ಹೇಲರ್ ಆದರೆ ಮೊದಲು ಉಸಿರು ಪೂರ್ತಿ ಬಿಡಿಸಿ, ಒತ್ತುತ್ತಲೇ ನಿಧಾನವಾಗಿ ಎಳೆದುಕೊಳ್ಳಲು ಹೇಳಿ, 10 ಸೆಕೆಂಡ್ ಉಸಿರು ಹಿಡಿಸಿ. ಸ್ಟೀರಾಯ್ಡ್ ಇದ್ದರೆ ಕೊನೆಗೆ ಬಾಯಿ ಮುಕ್ಕಳಿಸಿ ಉಗಿಯಬೇಕು.

ಹಂತ 5: ದೊಡ್ಡ ಅಕ್ಷರದಲ್ಲಿ ಬರೆದುಕೊಡಿ.

ಹಂತ 6: ಗೊತ್ತಿಲ್ಲದಿದ್ದರೆ ಊಹಿಸಬೇಡಿ. ‘ನೋಡಿ ಹೇಳ್ತೀನಿ’ ಎಂದು ಫೋನ್ ನಂಬರ್ ಬರೆದುಕೊಳ್ಳಿ, ಎಷ್ಟು ಹೊತ್ತಿಗೆ ಮಾಡುತ್ತೀರಿ ಎಂಬುದನ್ನೂ ತಿಳಿಸಿ. ಉತ್ತರ ಸಿಗದಿದ್ದರೂ ಆ ಹೊತ್ತಿಗೆ ಫೋನ್ ಮಾಡಿ, ಸಿಗಲಿಲ್ಲವೆಂದೇ ಹೇಳಿ, ಔಷಧ ಬರೆದ ಡಾಕ್ಟರ್ ಜೊತೆ ನೀವೇ ಮಾತಾಡಿ.