ಮೊದಲು ಕೈಚೀಲ, ಆಮೇಲೆ ಸೂಟ್‌ಕೇಸ್: ಪುಟ್ಟ ಮಗು ಕಟ್ಟಿಕೊಂಡು ವಿದೇಶಕ್ಕೆ ಹೊರಡುವುದು ಹೇಗೆ?

ಶಿರಸಿಯಿಂದ ಮಂಗಳೂರು ವಿಮಾನ ನಿಲ್ದಾಣಕ್ಕೆ ಹೊರಟ ನಾವು ಮೊದಲು ಕಾರು ನಿಲ್ಲಿಸಿದ್ದು ದೇವಿಮನೆ ಘಟ್ಟದಲ್ಲಿ. ಇಪ್ಪತ್ತು ತಿಂಗಳ ನಮ್ಮ ಮಾಣಿ (ಮಗ) ಬೆಳಿಗ್ಗೆ ತಿಂದದ್ದನ್ನೆಲ್ಲ ನನ್ನ ಮೈಮೇಲೆ ಕಕ್ಕಿದ್ದ. ಅವನಿಗೆ ಅಂತ ಒಂದು ರಾಶಿ ಬಟ್ಟೆ ತುಂಬಿದ್ದೆ, ಆದರೆ ಅಷ್ಟೂ ಡಿಕ್ಕಿಯಲ್ಲಿ, ಹಗ್ಗ ಬಿಗಿದ ಸೂಟ್‌ಕೇಸಿನ ತಳದಲ್ಲಿತ್ತು. ನನ್ನದೂ ಅಲ್ಲೇ. ಕುಮಟಾ ಬರುವ ತನಕ ಕಿಟಕಿ ಗಾಜು ಇಳಿಸಿಕೊಂಡು, ಯಾರೂ ಯಾರ ಜೊತೆಗೂ ಮಾತಾಡದೆ ಕೂತಿದ್ದೆವು.

ಅದು ದುಬೈಯಲ್ಲಿರುವ ಅಣ್ಣನ ಮನೆಗೆ ಹೋದ ಸಲದ್ದು. ಆಮೇಲೆ ಜರ್ಮನಿಗೂ ಹೋಗಿ ಬಂದೆವು. ಈಗ ನಾನು ಪ್ಯಾಕಿಂಗನ್ನು ತಿರುಗಾಮುರುಗಾ ಮಾಡುತ್ತೇನೆ: ಮೊದಲು ಕೈಚೀಲ ತುಂಬಿ ಮುಗಿಸುವುದು, ಅದರಲ್ಲಿ ಹಿಡಿಸದ್ದು ಮಾತ್ರ ಸೂಟ್‌ಕೇಸಿಗೆ. ಸೂಟ್‌ಕೇಸಿಗೆ ಹಾಕಲು ಮರೆತದ್ದನ್ನು ಅಲ್ಲಿ ಹೋಗಿ ಕೊಂಡರಾಯಿತು. ಘಟ್ಟದಲ್ಲೂ ವಿಮಾನದಲ್ಲೂ ಅಂಗಡಿ ಇಲ್ಲವಲ್ಲ.

ಒಂದು ತಿಂಗಳು ಮೊದಲು: ಟಿಕೆಟ್, ಪಾಸ್‌ಪೋರ್ಟ್

ಮಕ್ಕಳ ಪಾಸ್‌ಪೋರ್ಟ್ ದೊಡ್ಡವರ ಹಾಗೆ 10 ವರ್ಷ ಬರುವುದಿಲ್ಲ, 5 ವರ್ಷಕ್ಕೇ ಮುಗಿಯುತ್ತದೆ. ತುಂಬಾ ದೇಶಗಳು ಇನ್ನೂ 6 ತಿಂಗಳ ಅವಧಿ ಉಳಿದಿರಬೇಕು ಅನ್ನುತ್ತವೆ. ಅದಕ್ಕೇ ತಾರೀಕು ಈಗಲೇ ನೋಡಿ.

2 ವರ್ಷ ತುಂಬದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಡಿಮೆ ದರದ ಟಿಕೆಟಿನಲ್ಲಿ ಹೋಗಬಹುದು. ತುಂಬಿದ ಮೇಲೆ ಅದಕ್ಕೆ ತನ್ನದೇ ಸೀಟು ಬೇಕು. ಹೋಗುವಾಗ 23 ತಿಂಗಳಾಗಿದ್ದು, ಅಲ್ಲಿದ್ದಾಗಲೇ ಹುಟ್ಟುಹಬ್ಬ ಬಂದರೆ ವಾಪಸು ಬರುವುದಕ್ಕೆ ಸೀಟು ಕೊಳ್ಳಬೇಕಾಗುತ್ತದೆ. ಮಗುವಿಗೆ ಎಷ್ಟು ಕಿಲೋ ಲಗೇಜು ಬಿಡುತ್ತಾರೆ, ತಳ್ಳುಗಾಡಿ ಉಚಿತವಾ ಅನ್ನುವುದು ಒಂದೊಂದು ಕಂಪನಿಗೆ ಒಂದೊಂದು ಥರ. ಟಿಕೆಟಿನಲ್ಲೇ ಬರೆದಿರುತ್ತದೆ, ಓದಿ. ಮಗುವಿನ ಊಟ ಬೇಕಿದ್ದರೆ ಕಡಿಮೆ ಅಂದರೂ ಒಂದು ದಿನ ಮೊದಲು ಹೇಳಿಡಬೇಕು. ತಾಯಿ ಅಥವಾ ತಂದೆ ಒಬ್ಬರೇ ಹೊರಟಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರ, ಜನನ ಪ್ರಮಾಣಪತ್ರದ ಪ್ರತಿ ಇಟ್ಟುಕೊಳ್ಳಿ.

ಹದಿನೈದು ದಿನ ಮೊದಲು: ಅಟ್ಟದಿಂದ ಸೂಟ್‌ಕೇಸ್ ಇಳಿಸಿ

ಬೆಂಗಳೂರಿನವರು ಬರೆದ ಪಟ್ಟಿಗಳಲ್ಲಿ ಇದು ಇರುವುದಿಲ್ಲ. ನಮ್ಮ ಕಡೆ ಮಳೆಗಾಲ ಕಳೆದ ಸೂಟ್‌ಕೇಸಿನೊಳಗೆ ಬೂಷ್ಟು ಹಿಡಿದಿರುತ್ತದೆ. ಬಾಯಿ ತೆರೆದು ಅಂಗಳದಲ್ಲಿ ಎರಡು ಬಿಸಿಲು ಕಾಣಿಸಿ. ಜೂನ್, ಜುಲೈಯಲ್ಲಿ ಹೊರಡುವವರಾದರೆ ಬಿಸಿಲೆಲ್ಲಿಂದ ಬರಬೇಕು, ಒಣ ಬಟ್ಟೆಯಲ್ಲಿ ಒರೆಸಿ ಫ್ಯಾನ್ ಕೆಳಗೆ ಇಡಿ. ಮಳೆಗಾಲದಲ್ಲಿ ಕೊನೆಯ ಬಟ್ಟೆ ಒಗೆತ ಹೊರಡುವುದಕ್ಕೆ ನಾಲ್ಕು ದಿನ ಮೊದಲೇ ಮುಗಿಯಬೇಕು. ಅರೆ ಒಣಗಿದ ಬನಿಯನ್ ಒಂದು ಒಳಗೆ ಸೇರಿದರೆ ಇಡೀ ಪೆಟ್ಟಿಗೆ ಮುಗ್ಗಲು ವಾಸನೆ.

ಹಾಗೇ ತಳ್ಳುಗಾಡಿಯ ಗಾಲಿ, ಮಗುವಿನ ಬೂಟಿನ ಅಡಿ ತೊಳೆಯಿರಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಹೊರಗಿನ ಮಣ್ಣು ಒಳಗೆ ಬರಬಾರದು ಅಂತ ತುಂಬಾ ಬಿಗಿ. ನಮ್ಮ ಅಂಗಳದ ಕೆಂಪು ಮಣ್ಣು ಹಳೇ ಟೂತ್‌ಬ್ರಷ್ ಇಲ್ಲದೆ ಬಿಡುವುದೂ ಇಲ್ಲ.

ಒಂದು ವಾರ ಮೊದಲು: ಕೈಚೀಲ

ಮನೆ ಬಿಟ್ಟಲ್ಲಿಂದ ಅಲ್ಲಿಯ ಮನೆ ಮುಟ್ಟುವ ತನಕ ಎಷ್ಟು ಗಂಟೆ ಅಂತ ಲೆಕ್ಕ ಹಾಕಿ. ವಿಮಾನದ ಗಂಟೆ ಮಾತ್ರ ಅಲ್ಲ. ನಮಗೆ ಬೆಂಗಳೂರಿಗೆ ರಾತ್ರಿ ಬಸ್ಸು, ನಿಲ್ದಾಣದಲ್ಲಿ ಕಾಯುವುದು, ಫ್ರಾಂಕ್‌ಫರ್ಟ್‌ಗೆ ಹತ್ತಿರ ಹತ್ತಿರ ಹತ್ತು ಗಂಟೆ, ಅಲ್ಲಿಂದ ರೈಲು, ಎಲ್ಲ ಸೇರಿ ಒಂದು ದಿನ ಮೀರಿತು. ಎರಡು ಗಂಟೆಗೆ ಒಂದರ ಹಾಗೆ ಡಯಾಪರ್, ಅದರ ಮೇಲೆ ಇನ್ನೊಂದು ನಾಲ್ಕು. ವಿಮಾನ ತಡವಾದ ದಿನ ಈ ನಾಲ್ಕೇ ಕೈ ಹಿಡಿಯುವುದು.

ಬಟ್ಟೆಯನ್ನು ಒಟ್ಟಿಗೆ ಮಡಚಿ ಇಡಬೇಡಿ. ಒಂದು ಅಂಗಿ, ಒಂದು ಚಡ್ಡಿ, ಒಂದು ಬನಿಯನ್ ಸುರುಳಿ ಸುತ್ತಿ ಒಂದು ಜಿಪ್ ಪ್ಲಾಸ್ಟಿಕ್ ಚೀಲದೊಳಗೆ. ಇಂಥ ಮೂರು ಚೀಲ ಸಾಕು. ಒದ್ದೆಯಾದದ್ದು ಅದೇ ಚೀಲಕ್ಕೆ ವಾಪಸು, ಜಿಪ್ ಎಳೆದರೆ ವಾಸನೆಯೂ ಬಂದ್. ನಾಲ್ಕನೆಯ ಚೀಲದಲ್ಲಿ ನಿಮಗೊಂದು ಟಾಪು. ಇದನ್ನು ಮಾತ್ರ ಮರೆಯಬೇಡಿ, ನಾನು ಯಾಕೆ ಹೇಳುತ್ತಿದ್ದೇನೆ ಅಂತ ಗೊತ್ತಲ್ಲ.

ದ್ರವಕ್ಕೆ ಹೆಚ್ಚಿನ ಕಡೆ ಸಾಮಾನ್ಯ ಲೆಕ್ಕ ಒಂದು ಬಾಟಲಿಗೆ 100 ಮಿಲಿ. ಮಗುವಿನ ಹಾಲು, ಆಹಾರ, ನೀರಿಗೆ ಇದರಲ್ಲಿ ರಿಯಾಯಿತಿ ಇದೆ, ಪ್ರಯಾಣಕ್ಕೆ ಬೇಕಾದಷ್ಟು ಬಿಡುತ್ತಾರೆ. ಆದರೆ ಬೇರೆಯಾಗಿ ತೆಗೆದು ತೋರಿಸಬೇಕು, ಹಾಗಾಗಿ ಚೀಲದ ಮೇಲ್ಗಡೆಯೇ ಇರಲಿ. ಜೋನಿ ಬೆಲ್ಲ (ನೀರಾಗಿರುವ ಬೆಲ್ಲ) ಮಗುವಿನ ಆಹಾರ ಅಲ್ಲವಂತೆ. ಅರ್ಧ ಲೀಟರಿನ ಬಾಟಲಿಯನ್ನು ಸೆಕ್ಯುರಿಟಿಯವರು ಮೇಲೆ ಕೆಳಗೆ ಮಾಡಿ ನೋಡಿ ಪಕ್ಕಕ್ಕಿಟ್ಟುಬಿಟ್ಟರು. ತಪ್ಪು ನಂದೇ, ಆದರೂ ಆಲೆಮನೆಯಿಂದ ತಂದಿದ್ದು, ಹೊಟ್ಟೆ ಉರಿಯಿತು.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಸೂಟ್‌ಕೇಸಿಗೆ ಹಾಕುವ ಹಾಗಿಲ್ಲ. ಆಟಿಕೆ ಜಾಸ್ತಿ ಬೇಡ. ಮಗು ನೋಡಿರದ ಮೂರ್ನಾಲ್ಕು ಸಣ್ಣ ಸಾಮಾನು ಸಾಕು. ಶಿರಸಿ ಪೇಟೆಯಲ್ಲಿ ಕೊಂಡ ಹಾಳೆಗೆ ಅಂಟಿಸುವ ಸ್ಟಿಕ್ಕರಿನಲ್ಲೇ ನಮ್ಮ ಮಾಣಿ ಒಂದು ಗಂಟೆ ಕಳೆದ. ಮೊಬೈಲು ಬ್ರಹ್ಮಾಸ್ತ್ರ, ಮೊದಲ ಗಂಟೆಯಲ್ಲೇ ಬಿಡಬೇಡಿ.

ಇನ್ನು ಮಗು ಮಲಗುವಾಗ ಹಿಡಿದುಕೊಳ್ಳುವ ಹಳೇ ಸೀರೆಯ ತುಂಡು ಇರುತ್ತದಲ್ಲ, ಅದನ್ನು ತೊಳೆಯದೆ ಹಾಗೇ ಹಾಕಿ.

ಔಷಧಿ

ಇದೂ ಕೈಚೀಲಕ್ಕೇ. ಡಾಕ್ಟರ ಹತ್ತಿರ ಹೋಗಿ ಮಗುವಿನ ಈಗಿನ ತೂಕಕ್ಕೆ ಪ್ಯಾರಾಸಿಟಮಾಲ್ ಎಷ್ಟು ಮಿಲಿ ಅಂತ ಬರೆಸಿಕೊಳ್ಳಿ. ಅದೇ ಸಿರಪ್ಪು ಬೇರೆ ಬೇರೆ ಗಾಢತೆಯಲ್ಲಿ ಬರುತ್ತದೆ, ಆದ್ದರಿಂದ ಹೋದ ವರ್ಷದ ಅಂದಾಜು ಬೇಡ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಔಷಧಿಯ ಮೂಲ ಹೆಸರೂ ಇರಲಿ. ಓಆರ್‌ಎಸ್ ಪೊಟ್ಟಣ ನಾಲ್ಕು, ಥರ್ಮಾಮೀಟರ್, ಡಯಾಪರ್ ಕೆಂಪಿಗೆ ಹಚ್ಚುವ ಮುಲಾಮು. ಗಲ್ಫಿಗೆ ಹೋಗುವವರು ಕೊಡೀನ್ ಇರುವ ಕೆಮ್ಮಿನ ಔಷಧಿಯನ್ನು ದೊಡ್ಡವರಿಗೆ ಅಂತಲೂ ಒಯ್ಯಬೇಡಿ, ಯುಎಇಯಲ್ಲಿ ಅದು ನಿಯಂತ್ರಿತ ಔಷಧಿ.

ಮೂರು ದಿನ ಮೊದಲು: ಅಜ್ಜಿಯ ಡಬ್ಬಿಗಳು

ಕಷ್ಟ ಇರುವುದು ಇಲ್ಲೇ. "ಇಷ್ಟಾದ್ರೂ ತಗಂಡು ಹೋಗೇ ತಂಗಿ" ಅಂತ ಡಬ್ಬಿ ಮೇಲೆ ಡಬ್ಬಿ ಬರುತ್ತವೆ. ಬೇಡ ಅಂದರೆ ಬೇಜಾರು.

ಗಸಗಸೆಯನ್ನು ಯುಎಇಗೆ ಒಯ್ಯುವುದು ನಿಷಿದ್ಧ. ಚಿಟಿಕೆಯಷ್ಟೂ ಬೇಡ. ಅಂಟಿನುಂಡೆಗೆ ಗಸಗಸೆ ಹಾಕುವ ರೂಢಿ ನಿಮ್ಮ ಮನೆಯಲ್ಲಿದ್ದರೆ ಕಟ್ಟುವ ಮೊದಲೇ ಹೇಳಿ. ಕೊಬ್ಬರಿಯನ್ನು ಚೆಕ್-ಇನ್ ಲಗೇಜಿನಲ್ಲಿ ಬಿಡುವುದಿಲ್ಲ, ಅದರ ಎಣ್ಣೆಯಂಶ ಬಿಸಿಗೆ ಹೊತ್ತಿಕೊಳ್ಳಬಹುದು ಅಂತ. ಬ್ರಿಟನ್, ಯುರೋಪ್ ಒಕ್ಕೂಟದ ದೇಶಗಳಿಗೆ ನಮ್ಮಲ್ಲಿಂದ ಹಾಲಿನ ಪದಾರ್ಥ ಒಯ್ಯುವ ಹಾಗಿಲ್ಲ. ತುಪ್ಪ, ಪೇಡ ಎರಡೂ ಇದರಲ್ಲಿ ಬಂತು. ಕಂಪನಿಯ ಸೀಲ್ ಇರುವ, ಫ್ರಿಜ್ ಬೇಡದ ಮಗುವಿನ ಹಾಲಿನ ಪುಡಿಯನ್ನು 2 ಕಿಲೋವರೆಗೆ ಬಿಡುತ್ತಾರೆ. ನಮ್ಮ ಅತ್ತೆ ಕಾಯಿಸಿದ ತುಪ್ಪ ಬೆಂಗಳೂರಿನ ನೆಂಟರ ಮನೆಯಲ್ಲೇ ಉಳಿಯಿತು. ಆ ನೆಂಟರು ಇವತ್ತಿಗೂ ನೆನೆಸುತ್ತಾರೆ.

ನನ್ನ ಮಟ್ಟಿಗೆ ಬಾಳೆಕಾಯಿ ಹಿಟ್ಟು, ಹುರಿದ ರಾಗಿ ಹಿಟ್ಟಿಗಿಂತ ಒಳ್ಳೆಯ ಸಂಗಾತಿ ಇಲ್ಲ. ಭಾರ ಇಲ್ಲ, ಚೆಲ್ಲುವುದಿಲ್ಲ, ಬಿಸಿನೀರು ಸಿಕ್ಕಲ್ಲಿ ಮಣ್ಣಿ (ಮಗುವಿನ ಗಂಜಿ) ಮಾಡಬಹುದು. ಕಾಲು ಕಿಲೋದ ಪೊಟ್ಟಣ ಮಾಡಿ, ಮೇಲೆ ಇಂಗ್ಲಿಷಿನಲ್ಲಿ ಏನೆಂದು ಬರೆಯಿರಿ. ಬಿಳಿ ಪುಡಿ ಏನಮ್ಮಾ ಅಂತ ಕೇಳಿದರೆ ಉತ್ತರ ಪೊಟ್ಟಣದ ಮೇಲೇ ಇರುತ್ತದೆ. ಆಸ್ಟ್ರೇಲಿಯಾದಲ್ಲಿ ಆಹಾರ ಏನಿದ್ದರೂ ಫಾರಮ್ಮಿನಲ್ಲಿ ಬರೆದುಬಿಡಿ. ಹೇಳಿದರೆ ಹೆಚ್ಚೆಂದರೆ ಆ ಡಬ್ಬಿ ಹೋಗುತ್ತದೆ, ಮುಚ್ಚಿಟ್ಟರೆ ದಂಡ. ಅಪ್ಪೆಮಿಡಿ ಉಪ್ಪಿನಕಾಯಿ ಎರಡು ಪ್ಲಾಸ್ಟಿಕ್ ಸುತ್ತಿ ಸೂಟ್‌ಕೇಸಿಗೆ, ಕೈಚೀಲಕ್ಕೆ ಬೇಡ. ಹಾಳೆಯಷ್ಟು ತೆಳ್ಳಗಿನ ಸಿಹಿತಿಂಡಿ ತೊಡದೇವು ಹೇಗೆ ಇಟ್ಟರೂ ಪುಡಿಯಾಗುತ್ತದೆ.

ಸೂಟ್‌ಕೇಸು

ಉಳಿದ ಬಟ್ಟೆ, ಒಂದು ವಾರದ ಡಯಾಪರ್, ಅಲ್ಲಿಯ ಹವೆಗೆ ತಕ್ಕ ಒಂದು ದಪ್ಪ ಕೋಟು. ಅಡಿಕೆ ತೂಗುವ ತಕ್ಕಡಿ ಮನೆಯಲ್ಲೇ ಇದ್ದರೆ ಅದರಲ್ಲೇ ತೂಗಿ. ಅಪ್ಪನ ಬಟ್ಟೆ ಅರ್ಧ, ಅಮ್ಮನ ಬಟ್ಟೆ ಅರ್ಧ ಎರಡೂ ಪೆಟ್ಟಿಗೆಯಲ್ಲಿ ಹಂಚಿ, ಒಂದು ತಡವಾಗಿ ಬಂದರೂ ನಡೆಯುತ್ತದೆ.

ಹೊರಡುವ ದಿನ

ಘಟ್ಟ ಇಳಿಯುವವರು ಮಗುವಿಗೆ ಹೊಟ್ಟೆ ಬಿರಿಯೆ ತಿನ್ನಿಸಬೇಡಿ. ಒಂದು ತಾಸು ಮೊದಲು ಸ್ವಲ್ಪ ಗಂಜಿ ಸಾಕು, ಕುಮಟಾದಲ್ಲಿ ಮತ್ತೆ ತಿನ್ನಿಸಿದರಾಯಿತು. ರಾತ್ರಿ ಬಸ್ಸಾದರೆ ಕೈಚೀಲ ಡಿಕ್ಕಿಗೆ ಹೋಗದ ಹಾಗೆ ನೋಡಿಕೊಳ್ಳಿ, ನಾವು ಬೇಡ ಬೇಡ ಅನ್ನುವಷ್ಟರಲ್ಲಿ ಬಸ್ಸಿನ ಹುಡುಗರು ಎತ್ತಿ ಒಳಗೆ ಹಾಕಿಬಿಡುತ್ತಾರೆ.

ವಿಮಾನ ಏರುವಾಗ, ಇಳಿಯುವಾಗ ಮಗುವಿನ ಕಿವಿ ಕಟ್ಟುತ್ತದೆ. ನುಂಗಿದರೆ ಬಿಡುತ್ತದೆ, ಅದಕ್ಕೇ ಎದೆಹಾಲೋ ಬಾಟಲಿಯೋ ಆ ಹೊತ್ತಿಗೆ ಸಿದ್ಧ ಇರಲಿ. ನಾವು ಏರುವಾಗಲೇ ಇದ್ದದ್ದನ್ನೆಲ್ಲ ಕುಡಿಸಿ ಖಾಲಿ ಮಾಡಿಕೊಂಡಿದ್ದೆವು. ಅರ್ಧ ಬಾಟಲಿ ಉಳಿಸಿಕೊಳ್ಳಿ, ಇಳಿಯುವುದಕ್ಕೆ ಅರ್ಧ ಗಂಟೆ ಇದೆ ಅಂದಾಗ, ಎಷ್ಟೇ ಪಾಪ ಅನ್ನಿಸಿದರೂ, ನಿದ್ದೆಯಿಂದ ಎಬ್ಬಿಸಿ ಕುಡಿಸಿ.