ಹಳೆ ಟ್ರಾಕ್ಟರ್‌ಗೆ ಎಕ್ಸ್‌ಟ್ರಾ ಹೈಡ್ರಾಲಿಕ್ ಲೈನ್: ವಾಲ್ವ್ ಕೊಳ್ಳುವ ಮುಂಚೆ ಎಣ್ಣೆ ದಾರಿ ನೋಡಿ

ಪೀಣ್ಯದಲ್ಲಿ ಹದಿನೆಂಟು ವರ್ಷ ಫಿಟ್ಟರ್ ಕೆಲಸ ಮಾಡಿದೆ. ಈಗ ಹೆಸರಘಟ್ಟದ ಹತ್ತಿರ ನಮ್ಮ ಜಮೀನು ನೋಡಿಕೊಳ್ಳುತ್ತಿದ್ದೇನೆ. ರಾಗಿ, ಅವರೆ, ಒಂದಿಷ್ಟು ಹಸುವಿನ ಮೇವು. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ 42 ಎಚ್‌ಪಿ ಟ್ರಾಕ್ಟರ್ ಇದೆ. ಅದಕ್ಕೆ ಹಿಂದೆ ಲಿಫ್ಟ್ ಇತ್ತು, ಟ್ರೈಲರ್ ಎತ್ತೋಕೆ ಒಂದು ಪೈಪ್ ಇತ್ತು, ಅಷ್ಟೇ. ಹೈಡ್ರಾಲಿಕ್ ಪಲ್ಟಿ ನೇಗಿಲು ಹಾಕಬೇಕು ಅಂದಾಗ ಆ ಒಂದು ಪೈಪ್ ಸಾಲಲಿಲ್ಲ.

ಯಾಕೆ ಅಂದರೆ, ಟ್ರೈಲರ್ ಎತ್ತುವಾಗ ಮಾತ್ರ ಎಣ್ಣೆಯ ಒತ್ತಡ ಬೇಕು. ಇಳಿಯುವುದು ಅದರ ಭಾರಕ್ಕೇ. ಪಲ್ಟಿ ನೇಗಿಲು ಹಾಗಲ್ಲ. ಈ ಕಡೆಯಿಂದ ಆ ಕಡೆಗೆ ತಿರುಗಿಸೋಕೂ ಒತ್ತಡ, ವಾಪಸ್ ತರೋಕೂ ಒತ್ತಡ. ಒಂದು ಪೈಪಿನಲ್ಲಿ ಎಣ್ಣೆ ಹೋಗುವಾಗ ಇನ್ನೊಂದರಲ್ಲಿ ಬರಬೇಕು. ಅದಕ್ಕೆ ಡಬಲ್ ಆ್ಯಕ್ಟಿಂಗ್ ಡಿಸಿ ವಾಲ್ವ್ ಬೇಕು, ಅಂದರೆ ಲಿವರ್ ಆಡಿಸಿ ಎಣ್ಣೆಯ ದಿಕ್ಕು ಬದಲಿಸುವ ವಾಲ್ವ್.

ನಾನು ಆಗ ಕೊಯ್ಲಿನ ಕೆಲಸದಲ್ಲಿದ್ದೆ. ಹಾಗಾಗಿ ಒಂದು ವರ್ಕ್‌ಶಾಪ್‌ಗೆ ಕೊಟ್ಟು ಹಾಕಿಸಿದೆ. ಪಂಪಿನಿಂದ ಬರುವ ಪೈಪ್ ಬಿಚ್ಚಿ ಮಧ್ಯೆ ವಾಲ್ವ್ ಕೂರಿಸಿದ್ದರು. ವಾಲ್ವಿನ 'ಟಿ' ಬಾಯಿಂದ ಹೊರಟ ಪೈಪನ್ನು ನೇರ ಲಿಫ್ಟ್‌ಗೆ ಜೋಡಿಸಿದ್ದರು. ನೇಗಿಲು ಚೆನ್ನಾಗಿಯೇ ತಿರುಗಿತು. ಮಾರನೇ ದಿನ ಪಕ್ಕದ ಹೊಲದಲ್ಲಿ ಉಳುವಾಗ ನಮ್ಮ ಹುಡುಗ ಕೂಗಿದ, 'ಅಣ್ಣಾ, ಲಿವರ್ ಹತ್ರ ಎಣ್ಣೆ ಚಿಮ್ತಾ ಇದೆ!' ಹೋಗಿ ನೋಡಿದರೆ ಲಿವರ್ ಬುಡದ ರಬ್ಬರ್ ಸೀಲ್ ಅರ್ಧ ಹೊರಗೆ ಬಂದು ನಾಲಿಗೆ ಥರ ನೇತಾಡುತ್ತಿತ್ತು. ಸೀಟು, ಮಡ್‌ಗಾರ್ಡ್ ಎಲ್ಲಾ ಎಣ್ಣೆ. ನನಗೆ ತುಂಬಾ ಬೇಜಾರಾಯಿತು. ಹುಡುಗನ ಮುಖಕ್ಕೆ ಹಾರಿದ್ದರೆ ಏನು ಗತಿ?

ತಪ್ಪು ಸೀಲಿನದ್ದಲ್ಲ. 'ಟಿ' ಅಂದರೆ ಟ್ಯಾಂಕ್‌ಗೆ ಹೋಗುವ ಬಾಯಿ. ಆ ಕಡೆ ಒತ್ತಡ ಇರಬಾರದು ಅಂತಲೇ ಮಾಮೂಲಿ ವಾಲ್ವ್ ಮಾಡಿರುತ್ತಾರೆ. ಅದನ್ನು ಲಿಫ್ಟ್‌ಗೆ ಕೊಟ್ಟರೆ, ಲಿಫ್ಟ್ ಭಾರ ಎತ್ತುವಾಗಲೆಲ್ಲ ಆ ಒತ್ತಡ ಪೂರ್ತಿ ಹಿಂದಕ್ಕೆ ಬಂದು ಸೀಲಿನ ಮೇಲೆ ಕೂರುತ್ತದೆ.

ಆದ್ದರಿಂದ ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು ಬೆಲೆ ಅಲ್ಲ. 'ಪವರ್ ಬಿಯಾಂಡ್ ಇದೆಯಾ?' ಅಂತ ಕೇಳಿ. ಒತ್ತಡದ ಎಣ್ಣೆಯನ್ನು ಮುಂದಕ್ಕೆ ಕಳಿಸೋಕೆ ಇರುವ ಬೇರೆ ಬಾಯಿ ಅದು. ಕೆಲವರು ಕ್ಯಾರಿ ಓವರ್ ಅಂತಾರೆ. ಅದಿದ್ದರೆ, ನೇಗಿಲಿನ ಸಿಲಿಂಡರ್‌ಗೆ ಹೋಗುವ ಎ, ಬಿ ಬಾಯಿಗಳನ್ನು ಬಿಟ್ಟು ಮೂರು ದಾರಿ ಇರುತ್ತದೆ: ಪಂಪಿನಿಂದ 'ಪಿ'ಗೆ ಒಂದು, ಪವರ್ ಬಿಯಾಂಡಿನಿಂದ ಲಿಫ್ಟ್‌ಗೆ ಒಂದು, 'ಟಿ'ಯಿಂದ ನೇರ ಸಂಪ್‌ಗೆ, ಅಂದರೆ ಟ್ರಾಕ್ಟರಿನ ಎಣ್ಣೆ ಟ್ಯಾಂಕ್‌ಗೆ, ಒಂದು. ಈ ಮೂರನೇ ಪೈಪ್ ದಪ್ಪ ಇರಲಿ, ಮಧ್ಯೆ ಗೇಟ್ ವಾಲ್ವ್ ಏನೂ ಬೇಡ. ಲಿವರ್ ನ್ಯೂಟ್ರಲ್‌ನಲ್ಲಿದ್ದಾಗ ಎಣ್ಣೆ ಸುಮ್ನೆ ಸುತ್ತುತ್ತಿರಬೇಕು. ಅಂದರೆ ಓಪನ್ ಸೆಂಟರ್ ವಾಲ್ವ್.

ಇಲ್ಲೊಂದು ಎಚ್ಚರಿಕೆ. ಪಂಪ್ ಎಂಜಿನ್ ಪಕ್ಕ ಹೊರಗಿದ್ದು, ಕಬ್ಬಿಣದ ಪೈಪ್ ಕಣ್ಣಿಗೆ ಕಾಣುವ ಟ್ರಾಕ್ಟರ್‌ಗಳಿಗೆ ಈ ಜೋಡಣೆ ಸಲೀಸು. ಫರ್ಗ್ಯುಸನ್ ಮಾದರಿಯಲ್ಲಿ ಪಂಪ್ ಹೌಸಿಂಗ್ ಒಳಗೇ ಇರುತ್ತದೆ, ಎಳೆಯುವ ಎಣ್ಣೆಯನ್ನೇ ತಡೆದು ಕಂಟ್ರೋಲ್ ಮಾಡುತ್ತದೆ. ಅದಕ್ಕೆ ಇದೇ ವಾಲ್ವನ್ನು ಹೀಗೇ ಹಾಕಬೇಡಿ.

ವಾಲ್ವಿನಲ್ಲಿ ಅದರದ್ದೇ ರಿಲೀಫ್, ಅಂದರೆ ಒತ್ತಡ ಮಿತಿ ಮೀರಿದಾಗ ಎಣ್ಣೆಯನ್ನು ಬಿಟ್ಟುಬಿಡುವ ವ್ಯವಸ್ಥೆ, ಇರಲೇಬೇಕು. ಟ್ರಾಕ್ಟರಿನ ರಿಲೀಫ್ ಲಿಫ್ಟ್ ಕಡೆ ಇದ್ದರೆ, ನೀವು ಲಿವರ್ ಎಳೆದಾಗ ಪಂಪ್‌ಗೂ ಅದಕ್ಕೂ ಸಂಬಂಧವೇ ತಪ್ಪಿಹೋಗುತ್ತದೆ. ರಿಲೀಫ್ ಸ್ಕ್ರೂ ಮೊದಲು ಪೂರ್ತಿ ಸಡಿಲ ಮಾಡಿ. ಲೈನಿನಲ್ಲಿ ಗೇಜ್ ಹಾಕಿ, ಸಿಲಿಂಡರ್ ತುದಿ ಮುಟ್ಟಿಸಿ, ಕಾಲು ಸುತ್ತು ಕಾಲು ಸುತ್ತು ಬಿಗಿ ಮಾಡುತ್ತಾ ಹೋಗಿ. ಟ್ರಾಕ್ಟರ್ ಪುಸ್ತಕದಲ್ಲಿ ಕೊಟ್ಟ ಒತ್ತಡಕ್ಕಿಂತ 10 ಬಾರ್ (ಒತ್ತಡದ ಅಳತೆ) ಕಮ್ಮಿ ಇರುವಾಗಲೇ ನಿಲ್ಲಿಸಿ. ಗೇಜ್ ಇಲ್ಲದೆ ಕೈಅಂದಾಜಿನಲ್ಲಿ ಇದನ್ನು ಮಾಡಲೇಬೇಡಿ.

ಹೋಸ್ ವಿಷಯ. ಅರ್ಧ ಇಂಚಿನ, ಒಂದು ತಂತಿ ಹೆಣಿಗೆಯ ಆರ್1 ಹೋಸ್ 160 ಬಾರ್‌ಗೆ, ಎರಡು ತಂತಿ ಹೆಣಿಗೆಯ ಆರ್2 ಹೋಸ್ 275 ಬಾರ್‌ಗೆ. ಒತ್ತಡದ ಕಡೆ ಆರ್2 ಹಾಕಿಸಿ. ಪೀಣ್ಯದಲ್ಲಿ ಕ್ರಿಂಪಿಂಗ್ ಮಾಡುವ, ಅಂದರೆ ಹೋಸ್ ತುದಿಗೆ ಫಿಟಿಂಗ್ ಒತ್ತಿ ಕೂರಿಸುವ ಅಂಗಡಿಗಳು ಬೇಕಾದಷ್ಟಿವೆ. ಲಿಫ್ಟ್ ಪೂರ್ತಿ ಎತ್ತಿ, ನೇಗಿಲು ತಿರುಗಿಸಿ, ಆಮೇಲೆ ದಾರ ಹಿಡಿದು ಅಳತೆ ತಗೊಂಡು ಹೋಗಿ. ಕತ್ತರಿಸಿದ ಮೇಲೆ ಒಳಗಿನ ರಬ್ಬರ್ ಪುಡಿ ಏರ್ ಹೊಡೆದು ತೆಗೆಯಿರಿ ಅಂತ ನಿಂತು ಹೇಳಿ. ಬಿಎಸ್‌ಪಿ ಪ್ಯಾರಲಲ್ ಥ್ರೆಡ್‌ಗೆ (ತುದಿಯವರೆಗೆ ಒಂದೇ ದಪ್ಪ ಇರುವ ಮರೆಗೆ) ಬಾಂಡೆಡ್ ವಾಷರ್, ಅಂದರೆ ರಬ್ಬರ್ ಅಂಟಿಸಿದ ಲೋಹದ ವಾಷರ್ ಸಾಕು, ಟೆಫ್ಲಾನ್ ಟೇಪ್ ಬೇಡ. ಕೆಟ್ಟ ವಾಲ್ವ್ ಬಿಚ್ಚಿದಾಗ ರಿಲೀಫ್‌ನ ತುದಿಗೆ ಕೂದಲಿನಷ್ಟು ಸಣ್ಣ ಬಿಳಿ ಎಳೆ ಸಿಕ್ಕಿಕೊಂಡಿತ್ತು. ಅದು ನಲ್ಲಿಗೆ ಸುತ್ತುವ ಟೇಪೇ.

ಎಣ್ಣೆ ಲೆಕ್ಕ ತುಂಬಾ ಜನ ಬಿಟ್ಟುಬಿಡುತ್ತಾರೆ. 63 ಮಿ.ಮೀ. ಬೋರ್ (ಒಳಗಿನ ಅಗಲ), 250 ಮಿ.ಮೀ. ಸ್ಟ್ರೋಕ್‌ನ (ರಾಡ್ ಓಡುವ ದೂರ) ಸಿಲಿಂಡರ್‌ಗೆ ಸುಮಾರು ಮುಕ್ಕಾಲು ಲೀಟರ್ ಹಿಡಿಯುತ್ತದೆ. ನಿಮಿಷಕ್ಕೆ 20 ಲೀಟರ್ ಕೊಡುವ ಪಂಪ್ ಇದ್ದರೆ ಎರಡು ಮೂರು ಸೆಕೆಂಡಿನ ಕೆಲಸ. ಡಬಲ್ ಆ್ಯಕ್ಟಿಂಗ್‌ನಲ್ಲಿ ಇನ್ನೊಂದು ಕಡೆಯಿಂದ ಎಣ್ಣೆ ವಾಪಸ್ ಬರುತ್ತದೆ, ಆದ್ದರಿಂದ ಸಂಪ್ ಮಟ್ಟ ಜಾಸ್ತಿ ಇಳಿಯೋದಿಲ್ಲ. ಆದರೆ 100 ಮಿ.ಮೀ. ಬೋರ್, 800 ಮಿ.ಮೀ. ಸ್ಟ್ರೋಕ್‌ನ ಸಿಂಗಲ್ ಆ್ಯಕ್ಟಿಂಗ್ (ಎತ್ತೋಕೆ ಮಾತ್ರ ಒತ್ತಡ ಬೇಕಾದ) ಸಿಲಿಂಡರ್ 6 ಲೀಟರ್‌ಗಿಂತ ಜಾಸ್ತಿ ಎಳೆದುಕೊಂಡು ಇಟ್ಟುಕೊಳ್ಳುತ್ತದೆ. ಇಳಿಜಾರಿನಲ್ಲಿ ನಿಂತಿದ್ದರೆ ಪಂಪ್ ಗಾಳಿ ಎಳೆಯುತ್ತದೆ, ಕೂಗೋಕೆ ಶುರು ಮಾಡುತ್ತದೆ. ಆಯಿಲ್ ಬ್ರೇಕ್ ಇರುವ ಎಷ್ಟೋ ಟ್ರಾಕ್ಟರ್‌ಗಳಲ್ಲಿ ಗೇರ್, ಬ್ರೇಕ್, ಹೈಡ್ರಾಲಿಕ್ ಮೂರಕ್ಕೂ ಒಂದೇ ಎಣ್ಣೆ. ಬೇರೆಯವರ ಸಲಕರಣೆ ಜೋಡಿಸಿದರೆ ಅವರ ಗಲೀಜು ಎಣ್ಣೆ ನಿಮ್ಮ ಗೇರ್‌ಬಾಕ್ಸ್‌ಗೆ ಬರುತ್ತದೆ ಅಲ್ವಾ? ಕಪ್ಲರ್ (ಹೋಸ್ ಸಿಕ್ಕಿಸುವ ಜೋಡಣೆ) ಒರೆಸಿಯೇ ಜೋಡಿಸಿ, ಬಿಚ್ಚಿದಾಗ ಮುಚ್ಚಳ ಹಾಕಿ.

ಮೊದಲ ಸಲ ಎಂಜಿನ್ ಸ್ಲೋನಲ್ಲಿಟ್ಟು ಲಿವರ್ ಹತ್ತು ಸಲ ಆ ಕಡೆ ಈ ಕಡೆ ಮಾಡಿ, ಗಾಳಿ ಹೋಗಲಿ. ಆಮೇಲೆ ಎಣ್ಣೆ ಮಟ್ಟ ನೋಡಿ, ಬೇಕಾದಷ್ಟು ತುಂಬಿ. ಸೋರುತ್ತಿದೆಯಾ ಅಂತ ರಟ್ಟಿನ ತುಂಡು ಹಿಡಿದು ನೋಡಿ, ಕೈ ಸವರಬೇಡಿ. ಸೂಜಿ ತೂತಿನಿಂದ ಬರುವ ಎಣ್ಣೆ ಚರ್ಮ ಹೊಕ್ಕುಬಿಡುತ್ತದೆ. ಹೊರಗೆ ಚುಕ್ಕಿಯಷ್ಟೇ ಕಂಡರೂ, ನೋವಿಲ್ಲದಿದ್ದರೂ, ತಕ್ಷಣ ಆಸ್ಪತ್ರೆಗೆ ಹೋಗಿ. ಹೈಡ್ರಾಲಿಕ್ ಎಣ್ಣೆ ಒಳಗೆ ಹೋಗಿದೆ ಅಂತ ಡಾಕ್ಟರಿಗೆ ಬಿಡಿಸಿ ಹೇಳಿ. ಪೈಪ್ ಬಿಚ್ಚುವಾಗ ನೇಗಿಲು ನೆಲಕ್ಕೆ ಇಳಿಸಿ, ಎಂಜಿನ್ ಆಫ್ ಮಾಡಿ, ಲಿವರ್ ಎರಡೂ ಕಡೆ ಆಡಿಸಿ, ಒಳಗಿನ ಒತ್ತಡ ಬಿಟ್ಟ ಮೇಲೆ ಕೈ ಹಾಕಿ.

ಹತ್ತು ಗಂಟೆ ಕೆಲಸ ಆದ ಮೇಲೆ ಫಿಲ್ಟರ್ ಬಿಚ್ಚಿ ನೋಡಿ. ಎರಡನೇ ಸಲ ನಾನೇ ಕೂತು ಎಲ್ಲಾ ಜೋಡಿಸಿದ್ದೆ. ಆದರೂ ಫಿಲ್ಟರ್‌ನಲ್ಲಿ ನಾಲ್ಕು ರಬ್ಬರ್ ಚೂರು, ಒಂದು ತಂತಿ ತುಣುಕು ಸಿಕ್ಕಿತು. ಹೊಸ ಫಿಲ್ಟರ್ ಹಾಕಿ ಇನ್ನೊಂದು ಹತ್ತು ಗಂಟೆ ಓಡಿಸಿ ಮತ್ತೆ ಬಿಚ್ಚಿದೆ. ಆಗ ಏನೂ ಇರಲಿಲ್ಲ.